ವಂತಿಗೆ ಪುಸ್ತಕ ಹಿಡಿದು ಸ್ಲೊವೀನರ ವಲಸೆಯ ಚರಿತ್ರೆ ಓದಿದ್ದು

ವಲಸಿಗರ ಸಂಘವೊಂದರ ಚರಿತ್ರೆ ತಿಳಿಯಲು ಹೊರಟವರ ಕೈಗೆ ಮೊದಲು ಸಿಗುವುದು ಸ್ಮರಣ ಸಂಚಿಕೆ. ಬೆಳ್ಳಿಹಬ್ಬಕ್ಕೋ ಸುವರ್ಣ ಮಹೋತ್ಸವಕ್ಕೋ ಅಚ್ಚಾದ ಪುಸ್ತಕ. ತುಂಬ ಅಧ್ಯಕ್ಷರ ಭಾವಚಿತ್ರಗಳು, ಅಂಗಡಿಗಳ ಶುಭಾಶಯ. ಅದನ್ನು ಕೊನೆಗೆ ಓದಿ ಎನ್ನುವುದು ನನ್ನ ಸಲಹೆ. ನಾನು ಉಡುಪಿ ಕಡೆಯವಳು, ವೃತ್ತಿಯಿಂದ ಗ್ರಂಥಪಾಲಕಿ. ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ ನೆಲೆಸಿದ ಮೇಲೆ ಅಲ್ಲಿನ ಸ್ಲೊವೀನರ (ಮಧ್ಯ ಯುರೋಪಿನ ಸ್ಲೊವೇನಿಯ ಮೂಲದವರ) ಹಳೆಯ ಸಂಘಗಳ ಕಡತಗಳಿಗೆ ಸೂಚಿ ತಯಾರಿಸುವ ಸ್ವಯಂಸೇವಕರ ಗುಂಪಿಗೆ ಸೇರಿಕೊಂಡೆ. ಸ್ಲೊವೇನಿಯದ ಹೊರಗೆ ಸ್ಲೊವೀನರು ಅತಿ ಹೆಚ್ಚು ಸಂಖ್ಯೆಯಲ್ಲಿ ನೆಲೆಸಿದ್ದು ಈ ಊರಿನಲ್ಲಿ. ಸೇಂಟ್ ಕ್ಲೇರ್ ಬೀದಿಯಲ್ಲಿ 1924ರಲ್ಲಿ ಅವರು ಕಟ್ಟಿಕೊಂಡ ಸ್ಲೊವೇನಿಯನ್ ನ್ಯಾಷನಲ್ ಹೋಮ್ ಇಂದಿಗೂ ಇದೆ. ಆ ಕೆಲಸ ನನಗೆ ಕಲಿಸಿದ ಕ್ರಮವನ್ನು, ಇಂಥ ಕೆಲಸಕ್ಕೆ ಕೈ ಹಾಕುವವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಶುರು ಮಾಡಬೇಕಾದದ್ದು ವಂತಿಗೆ ಪುಸ್ತಕದಿಂದ. ಈ ಸಂಘಗಳು ಹುಟ್ಟಿದ್ದು ಹಾಡಿಗಾಗಿಯೂ ಅಲ್ಲ, ನಾಟಕಕ್ಕಾಗಿಯೂ ಅಲ್ಲ. ಪರದೇಶದಲ್ಲಿ ಸತ್ತರೆ ಮಣ್ಣು ಮಾಡುವವರಿಲ್ಲ ಎಂಬ ಭಯದಿಂದ. 1880ರ ದಶಕದಿಂದ ಮೊದಲ ಮಹಾಯುದ್ಧದವರೆಗೆ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಕ್ರಾನ್ಸ್ಕಾ, ಷ್ಟಾಯೆರ್ಸ್ಕಾ, ಪ್ರೆಕ್ಮುರ್ಯೆ ಪ್ರದೇಶಗಳಿಂದ ರೈತರ ಮಕ್ಕಳು ಹಡಗು ಹತ್ತಿದರು. ಪಾಲು ಪಾಲಾಗಿ ಹೊಟ್ಟೆಗೆ ಸಾಲದಾದ ಹೊಲ, ತೀರದ ಸಾಲ ಮತ್ತು ತೆರಿಗೆ, ಜೊತೆಗೆ ದೊಲೆನ್ಸ್ಕಾ ಮತ್ತು ಬೆಲಾ ಕ್ರಾಯಿನಾದ ದ್ರಾಕ್ಷಿ ತೋಟಗಳನ್ನು ನುಂಗಿದ ಫಿಲಾಕ್ಸೆರಾ ಎಂಬ ಬೇರಿನ ಕೀಟ. ಬಂದವರು ಸೇರಿದ್ದು ಮಿಷಿಗನ್‌ನ ತಾಮ್ರದ ಗಣಿಗೆ, ಮಿನ್ನೆಸೋಟದ ಕಬ್ಬಿಣದ ಗಣಿಗೆ, ಪೆನ್ಸಿಲ್ವೇನಿಯದ ಕಲ್ಲಿದ್ದಲಿಗೆ, ಕ್ಲೀವ್‌ಲ್ಯಾಂಡ್‌ನ ಎರಕದ ಕಾರ್ಖಾನೆಗಳಿಗೆ. ಕೈಕಾಲು ಕಳೆದುಕೊಳ್ಳುವುದು, ಜೀವ ಬಿಡುವುದು ದಿನದ ಮಾತಾಗಿತ್ತು. ಪರಿಹಾರ ಕೊಡುವ ಕಾನೂನು 1910ರ ದಶಕದವರೆಗೂ ಇರಲಿಲ್ಲ. ಮಿಷಿಗನ್‌ನ ಕ್ಯಾಲುಮೆಟ್‌ನಲ್ಲಿ 1882ರಲ್ಲೇ ಅವರದೊಂದು ಪರಸ್ಪರ ಸಹಾಯ ಸಂಘ ಹುಟ್ಟಿತ್ತು. ತಿಂಗಳಿಗಿಷ್ಟು ವಂತಿಗೆ, ಕಾಯಿಲೆ ಬಿದ್ದರೆ ದಿನಕ್ಕಿಷ್ಟು ಹಣ, ಸತ್ತರೆ ಶವಸಂಸ್ಕಾರದ ಖರ್ಚು, ಹೆಂಡತಿ ಮಕ್ಕಳಿಗೆ ಒಂದು ಮೊತ್ತ.

ಪುಸ್ತಕ ತೆರೆದಾಗ ಎಡಗಡೆಯ ಹೆಸರುಗಳಿಗೆ ಮರುಳಾಗದೆ ಬಲಗಡೆಯ ಖಾನೆಗಳನ್ನು ತಿಂಗಳು ತಿಂಗಳು ಓದಿಕೊಂಡು ಹೋಗಬೇಕು. ಒಂದು ಪುಟದಲ್ಲಿ ಬಹುಪಾಲು ಸದಸ್ಯರ ಮುಂದೆ ಖಾಲಿ ಬಿದ್ದ ತಿಂಗಳುಗಳು ಕಂಡರೆ ಅಲ್ಲಿ ಮುಷ್ಕರವೋ ಕಾರ್ಖಾನೆ ಮುಚ್ಚಿದ್ದೋ ಇದ್ದೇ ಇರುತ್ತದೆ. ಹೊಸ ಹೆಸರುಗಳು ಸಾಲಾಗಿ ಒಂದೇ ಹಳ್ಳಿಯಿಂದ ಬಂದಿದ್ದರೆ, ಮೊದಲು ಬಂದವನು ಟಿಕೆಟ್ ಕಳಿಸಿ ಕರೆಸಿಕೊಂಡ ಸರಪಳಿ ಅದು.

ಒಂದು ಕಾಯಿಲೆ ಅರ್ಜಿ ಈಗಲೂ ನನ್ನ ಕಣ್ಣ ಮುಂದಿದೆ. ಎರಕದ ಕೆಲಸಗಾರನೊಬ್ಬನ ಬಲಗೈ ಜಜ್ಜಿಹೋಗಿದೆ. ಮೇಲ್ಭಾಗದಲ್ಲಿ ವೈದ್ಯರ ಗೀಚು ಇಂಗ್ಲಿಷ್. ಅದರ ಕೆಳಗೆ ಪೆನ್ಸಿಲ್ಲಿನಲ್ಲಿ, ಸ್ಲೊವೀನ್ ಭಾಷೆಯಲ್ಲಿ, ರೋಗಿಯನ್ನು ನೋಡಿಬರಲು ಸಂಘ ಕಳಿಸಿದ ಇಬ್ಬರ ವರದಿ: ಇಂಥ ದಿನ ಮನೆಗೆ ಹೋದೆವು, ಹಾಸಿಗೆಯಲ್ಲಿದ್ದ, ಕೈಗೆ ಬಟ್ಟೆ ಸುತ್ತಿತ್ತು, ಕುಡಿದಿರಲಿಲ್ಲ. ಕುಡಿದು ಹೊಡೆದಾಡಿ ಗಾಯ ಮಾಡಿಕೊಂಡವರಿಗೆ ಹಣವಿಲ್ಲ ಎಂಬ ನಿಯಮ ಇಂಥ ಸಂಘಗಳಲ್ಲಿ ಸಾಮಾನ್ಯವಾಗಿತ್ತು. ಅದಕ್ಕೇ ಆ ಕೊನೆಯ ಮಾತು. ಇಬ್ಬರಲ್ಲಿ ಒಬ್ಬ ಹೆಸರು ಬರೆದಿದ್ದಾನೆ, ಇನ್ನೊಬ್ಬನದು ಶಿಲುಬೆಯ ಗುರುತು. ಅದೇ ವ್ಯಕ್ತಿಯ ವಂತಿಗೆ ಪುಟ ತೆರೆದರೆ ಆ ತಿಂಗಳುಗಳ ಖಾನೆ ಖಾಲಿಯಿಲ್ಲ. ಖಜಾಂಚಿ ಬೇರೆ ಶಾಯಿಯಲ್ಲಿ, ಸಂಘದ ನಿಧಿಯಿಂದ ತುಂಬಿದ್ದು ಎಂದು ಬರೆದಿದ್ದಾನೆ. ಅರ್ಜಿ ಒಂದು ಪೆಟ್ಟಿಗೆಯಲ್ಲಿತ್ತು, ಪುಸ್ತಕ ಇನ್ನೊಂದರಲ್ಲಿ. ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟುಕೊಂಡವರಿಗೆ ಮಾತ್ರ ಇದು ಕಾಣುತ್ತದೆ. ಕಡತಗಳನ್ನು ವಿಷಯವಾರು ಬೇರ್ಪಡಿಸಬಾರದು, ಸಂಘ ಇಟ್ಟಿದ್ದ ಜೋಡಣೆಯಲ್ಲೇ ಬಿಡಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕಾಗಿ.

ಒಂದು ಗಣಿ ಊರಿನ ಪುಟ್ಟ ಸಂಘದ ನಿಧಿ ಒಂದೇ ಅಪಘಾತಕ್ಕೆ ಬರಿದಾಗುತ್ತಿತ್ತು. ಊರೂರಿನ ಸಂಘಗಳು ಒಕ್ಕೂಟವಾಗಲೇಬೇಕಾಯಿತು. 1894ರಲ್ಲಿ ಇಲಿನಾಯ್‌ನ ಜೋಲಿಯೆಟ್‌ನಲ್ಲಿ ಕ್ಯಾಥೊಲಿಕ್ ಒಕ್ಕೂಟ ಕೆಎಸ್‌ಕೆಜೆ ಹುಟ್ಟಿತು. 1898ರಲ್ಲಿ ಮಿನ್ನೆಸೋಟದ ಈಲಿಯಲ್ಲಿ ಇನ್ನೊಂದು. 1904ರಲ್ಲಿ ಷಿಕಾಗೊದಲ್ಲಿ ಚರ್ಚಿಗೆ ಸೇರದ ಒಕ್ಕೂಟ ಎಸ್‌ಎನ್‌ಪಿಜೆ. ಕೆಎಸ್‌ಕೆಜೆ ಸದಸ್ಯ ಈಸ್ಟರ್ ಕಾಲದಲ್ಲಿ ಪಾಪನಿವೇದನೆ ಮಾಡಿರಬೇಕಿತ್ತು. ಅದಕ್ಕೆ ಒಪ್ಪದ ಮುಕ್ತ ಚಿಂತಕರು, ಸಮಾಜವಾದಿಗಳು ಎಸ್‌ಎನ್‌ಪಿಜೆ ಕಡೆಗೆ ಹೋದರು. ಒಂದೇ ಬೀದಿಯ ಅಕ್ಕಪಕ್ಕದ ಮನೆಯವರು ಎರಡು ಬೇರೆ ಪತ್ರಿಕೆ ತರಿಸುತ್ತಿದ್ದರು. 1891ರಲ್ಲಿ ಷಿಕಾಗೊದಲ್ಲಿ ಶುರುವಾದ ‘ಅಮೆರಿಕಾನ್ಸ್ಕಿ ಸ್ಲೊವೆನೆತ್ಸ್’ ಚರ್ಚಿನ ಪರ; ‘ಪ್ರೊಸ್ವೆತಾ’ ಎಸ್‌ಎನ್‌ಪಿಜೆಯದು. ಎರಡನ್ನೂ ಓದದೆ ಯಾವ ಗಲಾಟೆಯ ಬಗ್ಗೆಯೂ ತೀರ್ಮಾನಕ್ಕೆ ಬರಬಾರದು. ಇವುಗಳ ಹಳೆಯ ಸಂಚಿಕೆಗಳು ಸ್ಲೊವೇನಿಯದ ಡಿಜಿಟಲ್ ಗ್ರಂಥಾಲಯ ‘ಡಿಲಿಬ್’ನಲ್ಲಿ ಉಚಿತವಾಗಿ ಸಿಗುತ್ತವೆ. ನನಗೆ ಹೆಚ್ಚು ಪ್ರಯೋಜನವಾದದ್ದು ಸಂಪಾದಕೀಯಗಳಿಗಿಂತ ಊರೂರಿನ ಓದುಗರು ಬರೆದ ಪತ್ರಗಳು: ಯಾರು ಸತ್ತರು, ಕೆಲಸ ಹೇಗಿದೆ, ಹೊಸಬರು ಈಗ ಬರಬಹುದೇ ಬೇಡವೇ.

ವ್ಯಕ್ತಿಗಳನ್ನು ಗುರುತಿಸುವುದು ಎಲ್ಲಕ್ಕಿಂತ ಕಷ್ಟದ ಕೆಲಸ. ಅಮೆರಿಕದ ವಲಸೆ ಇಲಾಖೆ ಸ್ಲೊವೀನರನ್ನೂ ಕ್ರೊಯೇಷಿಯನ್ನರನ್ನೂ ಒಂದೇ ಗುಂಪಾಗಿ ಲೆಕ್ಕ ಹಾಕುತ್ತಿತ್ತು. ಎಷ್ಟೋ ಕಾಗದಗಳಲ್ಲಿ ಅವರು ಬರೀ ‘ಆಸ್ಟ್ರಿಯನ್’. ಪೆನ್ಸಿಲ್ವೇನಿಯದ ಬೆತ್ಲೆಹೆಮ್‌ನ ಉಕ್ಕಿನ ಕಾರ್ಖಾನೆಗೆ ಬಂದ ಪ್ರೆಕ್ಮುರ್ಯೆಯವರು ‘ವಿಂಡಿಷ್’. ಅವರ ಊರು ಮುರ್ಸ್ಕಾ ಸೊಬೊತಾ ದಾಖಲೆಯಲ್ಲಿ ಮುರಾಸೊಂಬಾತ್ ಎಂಬ ಹಂಗೇರಿಯನ್ ಹೆಸರಿನಲ್ಲಿರುತ್ತದೆ. ಸ್ಲೊವೇನಿಯದ ರಾಜಧಾನಿ ಲ್ಯುಬ್ಲ್ಯಾನಾ ಜರ್ಮನ್ನಿನ ಲೈಬಾಖ್ ಆಗಿರುತ್ತದೆ. ಆದ್ದರಿಂದ ಪ್ರತಿ ಹೆಸರಿಗೆ ಮೂರು ಅಂಕಣ ಇಟ್ಟೆ: ಕಾಗದದಲ್ಲಿ ಇದ್ದಂತೆ, ಇಂದಿನ ಸ್ಲೊವೀನ್ ಕಾಗುಣಿತದಲ್ಲಿ, ಅಮೆರಿಕದಲ್ಲಿ ಬದಲಾದ ರೂಪದಲ್ಲಿ. ಮೂಲವನ್ನು ತಿದ್ದಿ ಒಂದೇ ರೂಪಕ್ಕೆ ತರುವುದು ಬೇಡವೇ ಬೇಡ.

ಅಲ್ಲಿಂದ ಮುಂದೆ ಸ್ಲೊವೇನಿಯದ ಚರ್ಚ್ ದಾಖಲೆಗಳು. ಅನೇಕವು ‘ಮ್ಯಾಟ್ರಿಕುಲಾ’ ಜಾಲತಾಣದಲ್ಲಿವೆ. ಕೆಲವು ಲ್ಯಾಟಿನ್, ಕೆಲವು ಜರ್ಮನ್, ಕೆಲವು ಸ್ಲೊವೀನ್. ನಾಮಕರಣದ ಪುಸ್ತಕಕ್ಕಿಂತ ಮನೆವಾರು ಕುಟುಂಬ ಪಟ್ಟಿ ಹೆಚ್ಚು ಕೊಡುತ್ತದೆ. ಮಗನೊಬ್ಬನ ಹೆಸರಿನ ಪಕ್ಕದಲ್ಲಿ ಪಾದ್ರಿ ಸಣ್ಣದಾಗಿ ‘ಅಮೆರಿಕದಲ್ಲಿ’ ಎಂದು ಬರೆದಿಟ್ಟದ್ದು ಎಷ್ಟೋ ಕಡೆ ಸಿಗುತ್ತದೆ. ಇಲ್ಲಿ ನನ್ನ ಕರಾವಳಿಯ ಬಾಲ್ಯ ನೆರವಿಗೆ ಬಂತು. ಸ್ಲೊವೀನ್ ಹಳ್ಳಿಗಳಲ್ಲಿ ಕುಟುಂಬದ ಹೆಸರು ಒಂದು, ಮನೆಯ ಹೆಸರು ಇನ್ನೊಂದು. ಮನೆ ಕೈ ಬದಲಾದರೂ ಹೆಸರು ಉಳಿಯುತ್ತದೆ, ಊರವರು ಗುರುತಿಸುವುದು ಅದರಿಂದಲೇ, ನಮ್ಮಲ್ಲಿ ಜನರನ್ನು ಮನೆ ಹೆಸರು ಹಿಡಿದು ಕರೆಯುವ ಹಾಗೆ. ಒಂದೇ ಹಳ್ಳಿಯ, ಒಂದೇ ಹೆಸರಿನ ಇಬ್ಬರನ್ನು ಬೇರ್ಪಡಿಸಲು ನನಗೆ ನೆರವಾದದ್ದು ಈ ಮನೆ ಹೆಸರೇ.

ಹೆಂಗಸರು ವಂತಿಗೆ ಪುಸ್ತಕಗಳಲ್ಲಿ ಬಹುಕಾಲ ಸಾಲಿನ ಕೊನೆಯಲ್ಲಿ, ವಿಮೆಯ ವಾರಸುದಾರರಾಗಿ ಮಾತ್ರ ಬರುತ್ತಾರೆ. ಆದರೆ ಗಣಿ ಊರುಗಳಲ್ಲಿ ಒಬ್ಬಳೇ ಹೆಣ್ಣುಮಗಳು ಮನೆ ತುಂಬ ಬಾಡಿಗೆಯ ಗಂಡಸರಿಗೆ ಅಡುಗೆ ಮಾಡಿ, ಅವರ ಬಟ್ಟೆ ಒಗೆದು, ಮಧ್ಯಾಹ್ನದ ಬುತ್ತಿ ಕಟ್ಟಿ ಕಳಿಸುತ್ತಿದ್ದಳು. ಹಾಗೆ ಆ ಗಂಡಸರ ಕೂಲಿಯಲ್ಲಿ ಉಳಿದ ಹಣದಿಂದಲೇ ಸಂಘಗಳು ನಡೆದದ್ದು. 1926ರಲ್ಲಿ ಮೇರಿ ಪ್ರಿಸ್ಲಾಂಡ್ ಮುಂದಾಳುತನದಲ್ಲಿ ಸ್ಲೊವೀನ್ ಮಹಿಳೆಯರ ಒಕ್ಕೂಟ ಹುಟ್ಟಿದ ಮೇಲೆ ಅವರ ಮಾತು ಅವರದೇ ಪತ್ರಿಕೆ ‘ಜಾರ್ಯಾ’ದಲ್ಲಿ ಓದಲು ಸಿಗುತ್ತದೆ. ಬೇರೆ ದಿಕ್ಕಿಗೆ ಹೋದ ಹೆಂಗಸರೂ ಇದ್ದರು: ಗೊರಿತ್ಸಾ ಸುತ್ತಲಿನ ಹಳ್ಳಿಗಳಿಂದ ತಮ್ಮ ಕೂಸುಗಳನ್ನು ಬಿಟ್ಟು ಈಜಿಪ್ಟಿನ ಅಲೆಕ್ಸಾಂಡ್ರಿಯಾಕ್ಕೆ ಹೋಗಿ ಶ್ರೀಮಂತರ ಮಕ್ಕಳಿಗೆ ಹಾಲುಣಿಸಿದವರು, ದಾದಿಯರಾದವರು. ಪ್ರ್ವಾಚಿನಾ ಹಳ್ಳಿಯಲ್ಲಿ ಅವರಿಗಾಗಿ ಒಂದು ವಸ್ತುಸಂಗ್ರಹಾಲಯವಿದೆ. ವಲಸೆ ಎಂದರೆ ಗಂಡಸಿನ ಸಾಹಸ ಎಂದು ಬರೆದ ಯಾವ ಪುಸ್ತಕವನ್ನೂ ನಾನು ಈಗ ಪೂರ್ತಿ ನಂಬುವುದಿಲ್ಲ.

1944ರ ಅಕ್ಟೋಬರ್ 20ರಂದು ಕ್ಲೀವ್‌ಲ್ಯಾಂಡ್‌ನ ಸೇಂಟ್ ಕ್ಲೇರ್ ಬಡಾವಣೆಯ ಅಂಚಿನಲ್ಲಿ ದ್ರವೀಕೃತ ಅನಿಲದ ತೊಟ್ಟಿ ಸೋರಿ ಬೆಂಕಿ ಹತ್ತಿತು. 130 ಜನ ಸತ್ತರು, ಬೀದಿಗಟ್ಟಲೆ ಮನೆಗಳು ಬೂದಿಯಾದವು. ಆರ್ಥಿಕ ಕುಸಿತದಲ್ಲಿ ಬ್ಯಾಂಕ್ ಮುಳುಗಿದ್ದನ್ನು ಕಂಡವರು ಉಳಿತಾಯವನ್ನು ಮನೆಯಲ್ಲೇ ಇಟ್ಟುಕೊಂಡಿದ್ದರು, ಅದೂ ಸುಟ್ಟುಹೋಯಿತು. ಆಗ ನಗರದ ಮೇಯರ್ ಫ್ರಾಂಕ್ ಲೌಶಿ, ಸ್ಲೊವೀನ್ ವಲಸಿಗರ ಮಗ. ಬಡಾವಣೆಯನ್ನು ಮತ್ತೆ ಕಟ್ಟುವ ಕೆಲಸಕ್ಕೆ ಮುಂದೆ ನಿಂತವರು ಅದೇ ಸಮುದಾಯದ ಉದ್ಯಮಿ ಆಂಟನ್ ಗ್ರ್ಡೀನಾ. ಅರ್ಧ ಶತಮಾನ ವಂತಿಗೆ ಕೂಡಿಸಿ, ಲೆಕ್ಕ ಇಟ್ಟು ಅಭ್ಯಾಸವಾಗಿದ್ದ ಜನ ಅದು. ಬೇರೆ ಕಡೆಗೆ ಚದುರದೆ ಅಲ್ಲೇ ಮನೆ ಕಟ್ಟಿಕೊಂಡದ್ದಕ್ಕೆ ಆ ಅಭ್ಯಾಸವೇ ಮುಖ್ಯ ಕಾರಣ ಎಂದು ನನಗೆ ಅನ್ನಿಸುತ್ತದೆ.

1945ರ ನಂತರ ಬಂದವರದು ಬೇರೆಯೇ ಬಗೆ. ಕಮ್ಯುನಿಸ್ಟ್ ಆಡಳಿತಕ್ಕೆ ಹೆದರಿ ಆಸ್ಟ್ರಿಯದ ನಿರಾಶ್ರಿತರ ಶಿಬಿರಗಳಿಗೆ ಓಡಿಬಂದಿದ್ದ ಇವರಲ್ಲಿ ಸಾವಿರಾರು ಜನ ಅರ್ಜೆಂಟೀನಾಕ್ಕೆ ಹೋದರು. ಶಿಕ್ಷಕರು, ಪಾದ್ರಿಗಳು, ಇಡೀ ಕುಟುಂಬಗಳು ಒಟ್ಟಿಗೆ ಬಂದದ್ದರಿಂದ ಬ್ಯೂನಸ್ ಐರಿಸ್ ಸುತ್ತ ಶನಿವಾರದ ಸ್ಲೊವೀನ್ ಶಾಲೆಗಳು ಬಹುಬೇಗ ಹುಟ್ಟಿದವು. ಮೊಮ್ಮಕ್ಕಳೂ ಅಲ್ಲಿ ನಿರರ್ಗಳವಾಗಿ ಸ್ಲೊವೀನ್ ಮಾತನಾಡುತ್ತಾರೆ. ಕ್ಲೀವ್‌ಲ್ಯಾಂಡ್‌ನ ಹಳೆಯ ಕಾರ್ಖಾನೆ ಕೆಲಸಗಾರರ ಮೊಮ್ಮಕ್ಕಳಲ್ಲಿ ಪೋಲ್ಕಾ ಸಂಗೀತ ಉಳಿಯಿತು, ಭಾಷೆ ಸವೆಯಿತು. ಈ ವ್ಯತ್ಯಾಸವನ್ನು ಅಭಿಮಾನದ ಕೊರತೆ ಎಂದು ಬರೆಯುವುದು ಅನ್ಯಾಯ. ಒಬ್ಬರು ಒಂಟಿಯಾಗಿ ಕೂಲಿಗೆ ಬಂದವರು, ಇನ್ನೊಬ್ಬರು ಊರಿಗೆ ಊರೇ ಎದ್ದು ಬಂದವರು.

ಈಗ ಶಾಖೆಗಳು ಒಂದರಲ್ಲೊಂದು ವಿಲೀನವಾಗುತ್ತಿವೆ, ಸಭಾಭವನಗಳು ಮಾರಾಟವಾಗುತ್ತಿವೆ. ಭವನದ ಫಲಕ, ಧ್ವಜ, ಟ್ರೋಫಿಗಳನ್ನು ಯಾರಾದರೂ ಮನೆಗೆ ಒಯ್ಯುತ್ತಾರೆ; ಲೆಕ್ಕದ ಪುಸ್ತಕಗಳು ಕಸಕ್ಕೆ ಹೋಗುತ್ತವೆ. ಮಾರಾಟದ ಸುದ್ದಿ ಕಿವಿಗೆ ಬಿದ್ದ ಕೂಡಲೇ ಕಾರ್ಯದರ್ಶಿಗೆ ಫೋನ್ ಮಾಡಿ, ನೆಲಮಾಳಿಗೆಯ ಕಪಾಟು ತೆರೆಸಿ. ಸ್ಕ್ಯಾನ್ ಮಾಡಲು ಸಮಯವಿಲ್ಲದಿದ್ದರೆ ಪೆಟ್ಟಿಗೆಗಳ ಮೇಲೆ ಶಾಖೆಯ ಹೆಸರು, ಸಂಖ್ಯೆ, ವರ್ಷ ಬರೆದು ಒಣ ಜಾಗದಲ್ಲಿಡಿ. ಮಿನ್ನೆಸೋಟ ವಿಶ್ವವಿದ್ಯಾಲಯದ ವಲಸೆ ಇತಿಹಾಸ ಸಂಗ್ರಹದಲ್ಲಿ ಸ್ಲೊವೀನರ ಕಾಗದಪತ್ರಗಳಿಗೆ ಜಾಗವಿದೆ. ಸದಸ್ಯರ ಕಾಯಿಲೆ, ಸಾಲದ ವಿವರಗಳಿರುವ ಪುಟಗಳನ್ನು ಯಾರು, ಯಾವಾಗ ನೋಡಬಹುದು ಎಂಬುದನ್ನು ಕೊಡುವ ಮೊದಲೇ ಬರವಣಿಗೆಯಲ್ಲಿ ತೀರ್ಮಾನಿಸಿಕೊಳ್ಳಿ. ಆ ಕುಟುಂಬಗಳು ಇನ್ನೂ ಅದೇ ಊರಿನಲ್ಲಿವೆ.