ಎಸ್‌ಡಿಎ ನಂಬಿ ಡಿಸ್ಕ್ ಕಳಕೊಂಡ ಮೇಲೆ

ಸರ್ವರ್‌ಗಳಿಗೆ ಲಿನಕ್ಸ್ ತಾನಾಗಿಯೇ ಇನ್‌ಸ್ಟಾಲ್ ಆಗಲು ಕೊಡುವ ಕಿಕ್‌ಸ್ಟಾರ್ಟ್ ಫೈಲಿನಲ್ಲಿ ಓಎಸ್ ಹಾಕುವ ಡಿಸ್ಕ್ ಎಸ್‌ಡಿಎ ಅಂತ ನೇರವಾಗಿ ಬರೆದಿದ್ದೆ. ಎಸ್‌ಡಿಎ ಅಂದರೆ ಬೂಟ್ ಆಗುವಾಗ ಮೊದಲು ಸಿಕ್ಕ ಡಿಸ್ಕಿಗೆ ಲಿನಕ್ಸ್ ಕೊಡುವ ಹೆಸರು. ಎರಡು ವರ್ಷ ಏನೂ ಆಗಲಿಲ್ಲ. ಆಮೇಲೆ ಒಂದು ಸ್ಟೋರೇಜ್ ಸರ್ವರ್‌ಗೆ ಡಿಸ್ಕ್‌ಗಳನ್ನು ಜೋಡಿಸುವ ಹೊಸ ಎಚ್‌ಬಿಎ ಕಾರ್ಡ್ ಬಂತು, ಬೂಟ್ ಆಗುವಾಗ ಅದು ಹಲವು ಡಿಸ್ಕ್‌ಗಳನ್ನು ಒಂದಾಗಿ ತೋರಿಸುವ ಹಳೆಯ ರೇಡ್ ಕಾರ್ಡಿಗಿಂತ ಮೊದಲೇ ಎದ್ದಿತು, 8 ಟಿಬಿಯ ಡೇಟಾ ಡಿಸ್ಕ್ ಹೋಗಿ ಎಸ್‌ಡಿಎ ಜಾಗದಲ್ಲಿ ಕೂತಿತು. ರಾತ್ರಿ ರೀಇನ್‌ಸ್ಟಾಲ್ ಕೊಟ್ಟು ಕಾಫಿಗೆ ಹೋದೆ. ಬಂದು ನೋಡಿದರೆ ಇನ್‌ಸ್ಟಾಲ್ ಸಲೀಸಾಗಿ ಮುಗಿದಿದೆ, ಡೇಟಾ ಮಾತ್ರ ಇಲ್ಲ. ಪುಣ್ಯಕ್ಕೆ ಬ್ಯಾಕಪ್ ಇತ್ತು, ಬೆಳಗಿನ ತನಕ ಅದನ್ನೇ ಎಳೆಯುತ್ತಾ ಕೂತೆ.

ಸರಿ, ಇನ್ನು ಮೇಲೆ ಮಷೀನನ್ನೇ ಕೇಳಿ ಮುಂದುವರಿಯೋಣ ಅಂದುಕೊಂಡೆ. ಮೊದಲು ಮಾಡಿದ್ದು ಮಾಡೆಲ್ ಹೆಸರು ಕೇಳುವುದು. ಮಷೀನಿನ ವಿವರ ಹೇಳುವ ಡಿಎಂಐಡಿಕೋಡ್ ಕಮಾಂಡ್ ಓಡಿಸಿ ಹೆಸರು ತೆಗೆದು, ಯಾವ ಹೆಸರಿಗೆ ಯಾವ ಡಿಸ್ಕ್ ಅಂತ ಸ್ಕ್ರಿಪ್ಟಿನಲ್ಲಿ ಹೆಸರಿಗೊಂದು ಕೇಸ್ ಬರೆದೆ. ತಿಂಗಳಲ್ಲೇ ಸಾಕಾಯಿತು. ಒಂದು ಮಷೀನ್ ಹೆಸರಿನ ಕೊನೆಗೆ ಸುಮ್ನೆ ಒಂದು ಸ್ಪೇಸ್ ಇತ್ತು, ಹೋಲಿಕೆ ಆಗಲೇ ಇಲ್ಲ. ಲೆನೋವೊದಲ್ಲಿ ಹೆಸರಿನ ಜಾಗದಲ್ಲಿ ಕೋಡ್ ಬರುತ್ತದೆ. ಅಸೆಂಬಲ್ ಮಾಡಿದ ಬೋರ್ಡ್ ಒಂದಂತೂ 'ಟು ಬಿ ಫಿಲ್ಡ್ ಬೈ ಓಇಎಂ' ಅಂದಿತು, ಅಂದರೆ ತಯಾರಕರು ಹೆಸರು ತುಂಬಿಯೇ ಇಲ್ಲ. ಹೆಸರು ಗೊತ್ತಾದರೂ ಒಳಗೆ ಯಾವ ಡಿಸ್ಕ್ ಇದೆ ಅಂತ ಅದು ಹೇಳುವುದಿಲ್ಲ, ಅಲ್ವಾ?

ಹಾಗಾಗಿ ಪ್ರಶ್ನೆಯನ್ನೇ ಬದಲಿಸಿದೆ. ಇನ್‌ಸ್ಟಾಲ್‌ಗೆ ಮೊದಲು ಓಡುವ ಪ್ರೀ ಸ್ಕ್ರಿಪ್ಟಿನಲ್ಲಿ ಡಿಸ್ಕ್‌ಗಳ ಪಟ್ಟಿ ಕೊಡುವ ಎಲ್‌ಎಸ್‌ಬಿಎಲ್‌ಕೆ ಕಮಾಂಡ್ ಓಡಿಸಿ ಪ್ರತಿ ಡಿಸ್ಕಿನ ಗಾತ್ರ ಕೇಳುತ್ತೇನೆ, ಯುಎಸ್‌ಬಿ ಮೂಲಕ ಬಂದಿದೆಯಾ, ತೆಗೆಯಬಹುದಾದದ್ದಾ ಅಂತಲೂ ಕೇಳುತ್ತೇನೆ. ರಿಮೋಟ್ ಕನ್ಸೋಲಿನಿಂದ ತೋರಿಸುವ ಐಎಸ್‌ಒ (ಇನ್‌ಸ್ಟಾಲ್ ಸಿಡಿಯ ಫೈಲ್) ಕೂಡ ಕೆಲವೊಮ್ಮೆ ಡಿಸ್ಕ್ ಥರ ಕಾಣುವುದರಿಂದ ಈ ಕೊನೆಯ ಎರಡು ಬೇಕೇ ಬೇಕು. ತಿರುಗುವ ಡಿಸ್ಕಾ ಎಸ್‌ಎಸ್‌ಡಿಯಾ ಅಂತಲೂ ಕೇಳುತ್ತಿದ್ದೆ, ಬಿಟ್ಟೆ. ಕೆಲವು ರೇಡ್ ಕಾರ್ಡ್‌ಗಳ ಹಿಂದೆ ಕೂತ ಎಸ್‌ಎಸ್‌ಡಿಯೂ ತಿರುಗುವ ಡಿಸ್ಕ್ ಅಂತಲೇ ಬರುತ್ತದೆ. ಗಾತ್ರವನ್ನು ಬೈಟ್‌ನಲ್ಲೇ ತೆಗೆದುಕೊಳ್ಳಿ. 480 ಜಿಬಿ ಡಿಸ್ಕ್ ಮಾಮೂಲಿ ಔಟ್‌ಪುಟ್‌ನಲ್ಲಿ 447.1 ಜಿ ಅಂತ ಕಾಣುತ್ತದೆ (ಅಲ್ಲಿ ಸಾವಿರದ ಬದಲು 1024ರ ಲೆಕ್ಕ), ಅದನ್ನು 480ಕ್ಕೆ ಹೋಲಿಸಿ ನಾನು ಅರ್ಧ ದಿನ ತಲೆ ಕೆಡಿಸಿಕೊಂಡಿದ್ದೇನೆ.

ಓಎಸ್ ಡಿಸ್ಕಿನ ಗಾತ್ರ ಇಲ್ಲದ್ದು, ಯುಎಸ್‌ಬಿಯದ್ದು, ತೆಗೆಯಬಹುದಾದದ್ದು ಎಲ್ಲ ಸೋಸಿದ ಮೇಲೆ ಸರಿಯಾಗಿ ಒಂದೇ ಡಿಸ್ಕ್ ಉಳಿಯಬೇಕು. ಉಳಿದರೆ ಅದರ ಬೈ-ಐಡಿ ಹೆಸರನ್ನು (ಕ್ರಮ ಬದಲಾದರೂ ಬದಲಾಗದ ಹೆಸರು), ಎಸ್‌ಡಿಎ ಎಸ್‌ಡಿಬಿ ಅಲ್ಲ, ತಾತ್ಕಾಲಿಕ ಫೋಲ್ಡರ್ ಆದ ಟಿಎಂಪಿಯಲ್ಲಿ ಒಂದು ಫೈಲಿಗೆ ಬರೆದು ಕಿಕ್‌ಸ್ಟಾರ್ಟಿನಲ್ಲಿ ಇನ್‌ಕ್ಲೂಡ್ ಮಾಡುತ್ತೇನೆ. ಸೊನ್ನೆ ಉಳಿದರೂ, ಎರಡು ಉಳಿದರೂ ಸ್ಕ್ರಿಪ್ಟ್ ಅಲ್ಲೇ ನಿಲ್ಲಬೇಕು. ಮೊದಲು ನಾನೂ ಇಂಥ ಕಡೆ ಒಂದು ಡಿಫಾಲ್ಟ್ ಇಟ್ಟಿದ್ದೆ, ಯಾವುದು ಅಂತೀರಾ, ಅದೇ ಎಸ್‌ಡಿಎ! ನಿಂತಾಗ ಸ್ಕ್ರಿಪ್ಟ್ ಸ್ಕ್ರೀನನ್ನು ಆರನೇ ಟರ್ಮಿನಲ್‌ಗೆ ಬದಲಿಸಿ, ಕಂಡ ಎಲ್ಲ ಡಿಸ್ಕ್‌ಗಳ ಗಾತ್ರ ಮತ್ತು ಸೀರಿಯಲ್ ನಂಬರ್ ತೋರಿಸುತ್ತದೆ. ಅಲ್ಲದೆ ಡಿಸ್ಕಿನ ಗುರುತು ಅಳಿಸಲು ಬಳಸುವ ವೈಪ್‌ಎಫ್‌ಎಸ್ ಕಮಾಂಡನ್ನು ಯಾವ ಆಪ್ಷನ್ನೂ ಕೊಡದೆ ಓಡಿಸಿದರೆ ಡಿಸ್ಕಿನ ಮೇಲೆ ಹಳೆಯ ಗುರುತು ಏನಿದೆ ಅಂತ ಬರೀ ಹೇಳುತ್ತದೆ, ಅಳಿಸುವುದಿಲ್ಲ. ಅದರಲ್ಲಿ ನಮ್ಮ ಡೇಟಾ ಲೇಬಲ್ ಕಂಡರೂ ನಿಲ್ಲುತ್ತೇನೆ.

ವಿಎಂನಲ್ಲಿ, ಅಂದರೆ ಸಾಫ್ಟ್‌ವೇರಿನೊಳಗಿನ ನಕಲಿ ಮಷೀನಿನಲ್ಲಿ, ಟೆಸ್ಟ್ ಮಾಡಿ ಖುಷಿಪಡಬೇಡಿ. ಅಲ್ಲಿ ಇರುವುದೇ ಒಂದು ಡಿಸ್ಕ್, ಯಾವ ಸ್ಕ್ರಿಪ್ಟ್ ಕೊಟ್ಟರೂ ಪಾಸ್. ನಾನು ವಿಎಂಗೆ ಬೇಕೆಂದೇ ಬೇರೆ ಬೇರೆ ಗಾತ್ರದ ನಾಲ್ಕು ಡಿಸ್ಕ್ ಸೇರಿಸಿ, ಕ್ರಮ ಕಲಸಿ ಓಡಿಸುತ್ತೇನೆ.

ಮೊನ್ನೆ ಜೊತೆಯವನೊಬ್ಬ ಫೋನ್ ಮಾಡಿ, 'ಮಾರಾಯ, ನಿನ್ನ ಸ್ಕ್ರಿಪ್ಟ್ ಮುಂದೆ ಹೋಗ್ತಾನೇ ಇಲ್ಲ' ಅಂದ. ಸ್ಕ್ರೀನಿನಲ್ಲಿ ಏನಿದೆ ಓದು ಅಂದೆ. 480 ಜಿಬಿಯ ಎರಡು ಡಿಸ್ಕ್, ಬೇರೆ ಬೇರೆ ಸೀರಿಯಲ್ ನಂಬರ್. ಎರಡನ್ನೂ ಸೇರಿಸಿ ಒಂದೇ ಡಿಸ್ಕ್ ಆಗಿ ತೋರಿಸುವ ರೇಡ್ ಮಿರರ್ ಮಾಡುವುದನ್ನೇ ಮರೆತಿದ್ದ.