ಕಾರ್ಯಕ್ರಮ ಮುಗಿದ ರಾತ್ರಿಯೇ ಲೆಕ್ಕ

ನಮ್ಮದು ಐದು ಜನರ ಸಂಗೀತ ತಂಡ. ನುಡಿಸುವುದರ ಜೊತೆಗೆ ದುಡ್ಡಿನ ಲೆಕ್ಕವನ್ನೂ ನಾನೇ ನೋಡಿಕೊಳ್ಳುತ್ತೇನೆ. ಇದು ಬೇಸರದ ಕೆಲಸ ಅಂತ ಹಲವರು ಅಂದುಕೊಂಡಿದ್ದಾರೆ. ನನಗೆ ಹಾಗನಿಸುವುದಿಲ್ಲ. ತಂಡದೊಳಗೆ ಮನಸ್ತಾಪ ಶುರುವಾಗುವುದು ಬಹುಪಾಲು ದುಡ್ಡಿನಿಂದಲೇ. ಅದೂ ದುಡ್ಡು ಕಡಿಮೆ ಬಂತು ಅಂತಲ್ಲ, ಎಲ್ಲಿಗೆ ಹೋಯಿತು ಅಂತ ಗೊತ್ತಾಗದೆ. ಹಾಗಾಗಿ ಲೆಕ್ಕ ಬೇಗ ಆಗಬೇಕು, ಎಲ್ಲರ ಕಣ್ಣೆದುರಿಗೇ ಆಗಬೇಕು.

ವಾದ್ಯಗಳನ್ನು ಕಟ್ಟಿಡುವ ಮೊದಲೇ ನಾನು ಟಿಕೆಟ್ ಪೆಟ್ಟಿಗೆಯ ಹತ್ತಿರ ಹೋಗುತ್ತೇನೆ. ನಗದನ್ನು ಎಣಿಸುವಾಗ ಯಾವಾಗಲೂ ಇಬ್ಬರು ಇರುತ್ತೇವೆ. ಒಬ್ಬರು ಎಣಿಸಿದ್ದನ್ನು ಇನ್ನೊಬ್ಬರು ಮತ್ತೆ ಎಣಿಸಿ, ಇಬ್ಬರೂ ಸಹಿ ಹಾಕುತ್ತೇವೆ. ಇದು ಅಪನಂಬಿಕೆ ಅಲ್ಲ, ಎಣಿಸುವವರಿಗೇ ರಕ್ಷಣೆ. ಲೆಕ್ಕ ಸುಲಭವಾಗಲಿ ಅಂತ ಟಿಕೆಟ್ ದರ 100 ಅಂದುಕೊಳ್ಳೋಣ. ಪೆಟ್ಟಿಗೆಯಲ್ಲಿ 9,500 ಇದೆ. ಚಿಲ್ಲರೆ ಕೊಡಲು ಮೊದಲೇ ಇಟ್ಟಿದ್ದ 1,000 ತೆಗೆದರೆ ಉಳಿಯುವುದು 8,500, ಅಂದರೆ 85 ಟಿಕೆಟ್. ಅಚ್ಚು ಹಾಕಿಸಿದ್ದು 120. ಉಚಿತವಾಗಿ ಕೊಟ್ಟಿದ್ದು 12, ಕೈಯಲ್ಲಿ ಉಳಿದಿದ್ದು 23. ಮೂರನ್ನೂ ಕೂಡಿದರೆ 120 ಬರಬೇಕು, ಬಂತು. ಉಚಿತ ಟಿಕೆಟ್ ಯಾರು ಯಾರಿಗೆ ಹೋಯಿತು ಅಂತ ಬರೆದಿಡದಿದ್ದರೆ ಈ ಲೆಕ್ಕ ಎಂದೂ ಕೂಡುವುದಿಲ್ಲ. ಆನ್‌ಲೈನ್‌ನಲ್ಲಿ ಬಂದ ಹಣವನ್ನು ನಗದಿನ ಜೊತೆ ಬೆರೆಸುವುದೇ ಇಲ್ಲ, ಅದರದ್ದು ಬೇರೆ ಸಾಲು. ನಡುವೆ ಹಿಡಿದುಕೊಳ್ಳುವ ಸೇವಾ ಶುಲ್ಕವನ್ನು ಖರ್ಚಿನ ಕಡೆ ಬರೆಯುತ್ತೇನೆ.

ಸಭಾಂಗಣದವರ ಜೊತೆ ಲೆಕ್ಕ ಮುಗಿಸುವಾಗ ಒಂದು ವಿಷಯ ಮುಂಚೆಯೇ ಬರಹದಲ್ಲಿ ಇರಲೇಬೇಕು: ನಮ್ಮ ಪಾಲು ತೆಗೆಯುವುದು ಖರ್ಚು ಕಳೆಯುವ ಮೊದಲಾ, ಕಳೆದ ಮೇಲಾ? ವಸೂಲಿ 10,000, ಖರ್ಚು 2,000, ನಮ್ಮ ಪಾಲು ಶೇ. 70 ಅಂತಿಟ್ಟುಕೊಳ್ಳಿ. ಖರ್ಚು ಕಳೆದು ಪಾಲು ಮಾಡಿದರೆ ನಮಗೆ 5,600 ಸಿಗುತ್ತದೆ. ಮೊದಲು ಪಾಲು ಮಾಡಿ, ಖರ್ಚನ್ನು ಪೂರ್ತಿ ನಮ್ಮ ಪಾಲಿನಿಂದಲೇ ಹಿಡಿದರೆ 5,000. ಅದೇ ಹಣ, ಅದೇ ಶೇಕಡಾ, ಆದರೂ 600 ವ್ಯತ್ಯಾಸ. ರಾತ್ರಿ ಹನ್ನೊಂದಕ್ಕೆ ದಣಿದು ನಿಂತಾಗ ಇದನ್ನು ವಾದಿಸಿ ಗೆಲ್ಲಲಾಗುವುದಿಲ್ಲ.

ಹಂಚುವುದಕ್ಕೆ ನಮ್ಮಲ್ಲಿ ಒಂದು ಕ್ರಮ ಇದೆ. ಜೇಬಿನಿಂದ ಖರ್ಚು ಮಾಡಿದವರಿಗೆ ಮೊದಲು ವಾಪಸ್. ಆಮೇಲೆ ಹೊರಗಿನಿಂದ ಬಂದು ಜೊತೆ ಕೊಟ್ಟ ವಾದಕರು ಮತ್ತು ಮೈಕ್ ನೋಡಿಕೊಂಡವರು. ಇವರಿಗೆ ಮೊದಲೇ ಮಾತಾಡಿದ ಮೊತ್ತ, ಜನ ಬಂದಿರಲಿ ಬಿಡಲಿ. ಕಾರ್ಯಕ್ರಮ ಗಿಟ್ಟಿಸಲು ಓಡಾಡಿದವರಿಗೆ ಉಳಿದಿದ್ದರಲ್ಲಿ ಶೇ. 10. ಫೋನು, ಪತ್ರ, ಚೌಕಾಸಿ ಎಲ್ಲವೂ ಕೆಲಸವೇ ಅಲ್ವಾ? ಅದನ್ನು ಸುಮ್ನೆ ಸ್ನೇಹದ ಲೆಕ್ಕಕ್ಕೆ ಹಾಕಿದರೆ ಕೊನೆಗೆ ಯಾರೂ ಮಾಡುವುದಿಲ್ಲ.

ಮಿಕ್ಕಿದ್ದನ್ನು ಐದು ಪಾಲು ಮಾಡುವುದಿಲ್ಲ, ಆರು ಮಾಡುತ್ತೇವೆ. ಆರನೆಯದು ತಂಡದ್ದು. ನಮ್ಮ ಇಡೀ ವ್ಯವಸ್ಥೆಯಲ್ಲಿ ನನಗೆ ತುಂಬ ಇಷ್ಟವಾದದ್ದು ಇದೇ. ತಾಲೀಮಿನ ಕೋಣೆಯ ಬಾಡಿಗೆ, ಕೇಬಲ್ಲು, ಮೈಕ್ ಸ್ಟ್ಯಾಂಡು, ರೆಕಾರ್ಡಿಂಗ್ ಖರ್ಚು ಎಲ್ಲ ಅದರಿಂದಲೇ. ಇವುಗಳಿಗೆ ಆಗಾಗ ಚಂದಾ ಎತ್ತುವ ಮುಜುಗರ ತಪ್ಪಿತು. ಸ್ವಂತ ವಾದ್ಯದ ತಂತಿ, ರಿಪೇರಿ ಅವರವರದ್ದು. ಆದರೆ ದೊಡ್ಡ ವಾದ್ಯ ಸಾಗಿಸುವ ಗಾಡಿ ಬಾಡಿಗೆಯನ್ನು ಎಲ್ಲರ ಖರ್ಚು ಅಂತಲೇ ಹಿಡಿಯುತ್ತೇವೆ. ಕೊಳಲಿನವರು ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬರುತ್ತಾರೆ, ಡ್ರಮ್ಸ್‌ನವರಿಗೆ ಆಗುತ್ತದಾ? ಆ ನಾದ ಬೇಕು ಅಂದವರು ನಾವೆಲ್ಲ.

ಇನ್ನು ರಸೀದಿ. ಇಂಧನ, ಊಟ, ಪಾರ್ಕಿಂಗ್‌ಗೆ ಸಿಗುವ ನುಣುಪು ಕಾಗದದ ರಸೀದಿಗಳಲ್ಲಿ ಶಾಯಿ ಇರುವುದಿಲ್ಲ, ಶಾಖದಿಂದ ಮೂಡಿದ ಅಕ್ಷರ ಅದು. ಬಿಸಿಲಿಗೆ ನಿಂತ ಕಾರಿನಲ್ಲಿ ಬಿಟ್ಟರೆ ಇಡೀ ಕಾಗದ ಕಪ್ಪಾಗಬಹುದು, ಸುಮ್ಮನೆ ಇಟ್ಟರೂ ನಿಧಾನಕ್ಕೆ ಮಾಸುತ್ತದೆ. ಅದಕ್ಕೇ ಕೈಗೆ ಬಂದ ಕೂಡಲೇ ಫೋಟೋ ತೆಗೆದು, ಕಾರ್ಯಕ್ರಮದ ತಾರೀಖಿನ ಫೋಲ್ಡರ್‌ಗೆ ಹಾಕಿಬಿಡುತ್ತೇವೆ.

ಹಣ ಎಲ್ಲ ಸಲವೂ ಅವತ್ತೇ ಕೈಗೆ ಬರುವುದಿಲ್ಲ. ಬಾಕಿ ಇದ್ದರೆ ಮರುದಿನ ಬೆಳಿಗ್ಗೆಯೇ ಬಿಲ್ ಕಳಿಸುತ್ತೇನೆ, ಯಾವ ತಾರೀಖಿನೊಳಗೆ ಕೊಡಬೇಕು ಅಂತ ಅದರಲ್ಲೇ ಬರೆದು. ಬರದ ಹಣವನ್ನು ನಾವು ಹಂಚುವುದಿಲ್ಲ. ಹೊರಗಿನ ವಾದಕರನ್ನು ಮಾತ್ರ ಕಾಯಿಸದೆ ತಂಡದ ಪಾಲಿನಿಂದ ಕೊಟ್ಟುಬಿಡುತ್ತೇವೆ. ಆಯೋಜಕರು ತೆರಿಗೆ ಹಿಡಿದುಕೊಂಡು ಕೊಟ್ಟರೆ, ಕೈಗೆ ಬಂದಷ್ಟನ್ನೇ ಆದಾಯ ಅಂತ ಬರೆಯಬಾರದು. ಪೂರ್ತಿ ಮೊತ್ತ ಜಮಾ ಕಡೆ, ಹಿಡಿದ ತೆರಿಗೆ ಬೇರೆ ಸಾಲಿನಲ್ಲಿ, ಅದರ ದಾಖಲೆ ಕೇಳಿ ಪಡೆಯಬೇಕು. ಸಿ.ಡಿ. ಮಾರಿದ ಹಣವೂ ಪ್ರತ್ಯೇಕ: ಮೊದಲು ಅಚ್ಚಿನ ಖರ್ಚು ವಾಪಸ್ ಬರಬೇಕು, ಆಮೇಲಷ್ಟೇ ಲಾಭ. ನಮ್ಮವರೇ ಸಂಯೋಜಿಸಿದ ಕೃತಿ ನುಡಿಸಿದ್ದರೆ ಅವತ್ತಿನ ಪಟ್ಟಿಯನ್ನು ಹಕ್ಕುಸ್ವಾಮ್ಯ ಸಂಸ್ಥೆಗೂ ಕಳಿಸುತ್ತೇನೆ. ಹೆಸರು ನೋಂದಾಯಿಸಿದ ಸಂಯೋಜಕರಿಗೆ ಸಾರ್ವಜನಿಕ ಪ್ರದರ್ಶನದ ರಾಯಧನ ಬರಲು ಆ ಪಟ್ಟಿ ಬೇಕಾಗುತ್ತದೆ. ಎಷ್ಟೋ ತಂಡಗಳು ಇದನ್ನು ಬಿಟ್ಟುಬಿಡುತ್ತವೆ.

ಇದೆಲ್ಲ ಸೇರಿ ಒಂದು ಕಾರ್ಯಕ್ರಮಕ್ಕೆ ಒಂದೇ ಹಾಳೆ. ನಷ್ಟವಾದರೂ ಹಾಳೆ ಇರುತ್ತದೆ. ಐವರಿಗೂ ಕಳಿಸಿ, ಎರಡು ದಿನ ಪ್ರಶ್ನೆಗೆ ಬಿಟ್ಟು, ಆಮೇಲೆ ತಂಡದ ಬ್ಯಾಂಕ್ ಖಾತೆಯಿಂದ ಅವರವರ ಪಾಲು ಹಾಕುತ್ತೇನೆ. ಆ ಖಾತೆಯನ್ನು ನನ್ನ ಜೊತೆ ಇನ್ನೊಬ್ಬರೂ ನೋಡಬಹುದು. ಯಾರಾದರೂ ತಂಡ ಬಿಟ್ಟರೆ ಏನು ಅಂತಲೂ ಬರೆದಿಟ್ಟಿದ್ದೇವೆ: ಆಗಲೇ ನುಡಿಸಿದ ಕಾರ್ಯಕ್ರಮಗಳ ಬಾಕಿಯಲ್ಲಿ ಅವರಿಗೆ ಪಾಲು ಇದೆ, ತಂಡದ ಸಾಮಾನಿನಲ್ಲಿ ಇಲ್ಲ. ಇದನ್ನು ಬರೆದದ್ದು ಯಾರೂ ಬಿಡುವ ಮಾತೇ ಇಲ್ಲದಿದ್ದಾಗ. ಹಾಗಾಗಿ ಐದೂ ಜನ ಕೂತು ಅರ್ಧ ಗಂಟೆಯೊಳಗೆ ಒಪ್ಪಿಕೊಂಡೆವು.