ವಾಲ್ಯೂಮ್ ಕೀ ಸತ್ತಿದೆಯೇ? ಫಾರ್ಮ್ಯಾಟ್ ಹೊಡೆಸುವ ಮೊದಲು ಇಷ್ಟು ನೋಡಿ

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು ರೂಮ್ ಮಾಡಿಕೊಂಡು ಇರುತ್ತಾರೆ. ನಮ್ಮ ಮನೆಯ ಮೇಲಿನ ರೂಮಿನಲ್ಲೂ ಅಂಥ ಇಬ್ಬರಿದ್ದಾರೆ. ಕಳೆದ ಮಳೆಗಾಲದಲ್ಲಿ ಒಬ್ಬ ಲ್ಯಾಪ್‌ಟಾಪ್ ಹಿಡಿದು ಕೆಳಗೆ ಬಂದ. ‘ಕಾಕಾ, ಸೌಂಡ್ ಬಟನ್ ಸತ್ತಾವ್ರೀ. ಅಂಗಡ್ಯಾಗ ಫಾರ್ಮ್ಯಾಟ್ ಹೊಡೀಬೇಕು ಅಂದ್ರು, ಹೊಡಿಸೀನಿ. ಆದ್ರೂ ಹಂಗೇ ಅದಾವ್ರೀ’ ಅಂದ. ಫಾರ್ಮ್ಯಾಟ್ ಅಂದರೆ ಒಳಗಿರುವುದನ್ನೆಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕುವುದು. ಎರಡು ವರ್ಷ ಕೂತು ಟೈಪ್ ಮಾಡಿದ್ದ ನೋಟ್ಸ್ ಹೋಗಿತ್ತು. ನಾನು ಎಫ್‌ಎನ್ (Fn) ಮತ್ತು ಎಸ್ಕೇಪ್ (Esc) ಕೀ ಒಟ್ಟಿಗೆ ಒತ್ತಿದೆ. ವಾಲ್ಯೂಮ್ ಕೀ ಕೆಲಸ ಮಾಡಿತು. ಆ ಹುಡುಗ ಏನೂ ಮಾತಾಡದೆ ಮೆಟ್ಟಿಲ ಮೇಲೆ ಕೂತುಬಿಟ್ಟ. ಇನ್ನೊಬ್ಬರಿಗೆ ಹೀಗಾಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಹಂತ 1: ಪರದೆ ನೋಡಿ

ವಾಲ್ಯೂಮ್ ಕೀ ಒತ್ತಿ, ಕಿವಿ ಬಿಟ್ಟು ಕಣ್ಣಿಗೆ ಕೆಲಸ ಕೊಡಿ. ಪರದೆಯ ಮೇಲೆ ಸೌಂಡಿನ ಪಟ್ಟಿ ಕಾಣಿಸಿಕೊಂಡು ಹೆಚ್ಚು ಕಡಿಮೆ ಆಗುತ್ತಿದ್ದರೆ ನಿಮ್ಮ ಕೀ ಸರಿಯಾಗೇ ಇದೆ. ಸೌಂಡ್ ಬೇರೆ ಕಡೆ ಹೋಗುತ್ತಿದೆ, ಅಷ್ಟೇ. ಬ್ಯಾಗಿನಲ್ಲಿರುವ ಬ್ಲೂಟೂತ್ ಇಯರ್‌ಫೋನಿಗೋ, ಕೇಬಲ್ ಹಾಕಿದ ಟಿವಿಗೋ ಹೋಗುತ್ತಿರಬಹುದು. ಕೆಳಗಿನ ಸ್ಪೀಕರ್ ಚಿತ್ರ ಒತ್ತಿ, ಲ್ಯಾಪ್‌ಟಾಪ್ ಸ್ಪೀಕರ್ ಆರಿಸಿದರೆ ಕೆಲಸ ಮುಗಿಯಿತು.

ಪಟ್ಟಿ ಬರುವುದೇ ಇಲ್ಲ ಅಂದರೆ ಮುಂದಿನ ಹಂತಕ್ಕೆ ಹೋಗಿ. ನೀವು ಮುಟ್ಟದಿದ್ದರೂ ಪಟ್ಟಿ ತಾನೇ ಇಳಿಯುತ್ತಾ ಅಥವಾ ಏರುತ್ತಾ ಹೋದರೆ ಕೀ ಒಳಗೆ ಸಿಕ್ಕಿಹಾಕಿಕೊಂಡಿದೆ. ಆಗ ನೇರವಾಗಿ 5ನೇ ಹಂತಕ್ಕೆ ಬನ್ನಿ.

ಹಂತ 2: ಎಫ್‌ಎನ್ ಲಾಕ್

ಲ್ಯಾಪ್‌ಟಾಪಿನ ಮೇಲಿನ ಸಾಲಿನ ಕೀಗಳಿಗೆ ಎರಡೆರಡು ಕೆಲಸ. ಒಂದು, ಸೌಂಡ್, ಬೆಳಕು ಇಂಥವು. ಇನ್ನೊಂದು, ಎಫ್1ರಿಂದ ಎಫ್12ರವರೆಗಿನ ಹಳೇ ಕೆಲಸ. ಯಾವುದು ಮೊದಲು ಅನ್ನುವುದನ್ನು ಎಫ್‌ಎನ್ ಲಾಕ್ ತೀರ್ಮಾನಿಸುತ್ತದೆ. ನಮಗೆ ಗೊತ್ತಿಲ್ಲದೇ ಅದು ಅದಲುಬದಲಾದರೆ ‘ಕೀ ಸತ್ತಿದೆ’ ಅನಿಸುತ್ತದೆ.

ಪರೀಕ್ಷೆ ಸುಲಭ. ಎಫ್‌ಎನ್ ಒತ್ತಿ ಹಿಡಿದು ವಾಲ್ಯೂಮ್ ಕೀ ಒತ್ತಿ. ಸೌಂಡ್ ಬದಲಾಯಿತಾ? ಹಾಗಾದರೆ ಬೇರೇನೂ ಕೆಟ್ಟಿಲ್ಲ. ಇನ್ನೊಂದು ಗುರುತೂ ಇದೆ. ಕ್ರೋಮ್ ತೆರೆದಿರುವಾಗ ವಾಲ್ಯೂಮ್ ಕೀ ಒತ್ತಿದರೆ ಹುಡುಕುವ ಪೆಟ್ಟಿಗೆ ತೆರೆದುಕೊಳ್ಳುತ್ತದೆ, ಅದು ಎಫ್3ರ ಕೆಲಸ. ಇಲ್ಲವೇ ಪುಟವೇ ಮತ್ತೆ ಲೋಡ್ ಆಗುತ್ತದೆ, ಅದು ಎಫ್5. ಇಲ್ಲವೇ ‘ಕ್ಯಾರೆಟ್ ಬ್ರೌಸಿಂಗ್ ಬೇಕೇ’ ಎಂದು ಕೇಳುತ್ತದೆ, ಅದು ಎಫ್7. ವಾಲ್ಯೂಮ್ ಯಾವ ಕೀ ಮೇಲಿದೆ ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ.

ಹುಬ್ಬಳ್ಳಿಯಲ್ಲಿ ನಾನು ಇದನ್ನು ಜಾಸ್ತಿ ನೋಡಿದ್ದು ಲೆಕ್ಕಪತ್ರದ ತಂತ್ರಾಂಶ ಟ್ಯಾಲಿ ಕಲಿಯುವ ಮಕ್ಕಳಿರುವ ಮನೆಗಳಲ್ಲಿ. ಟ್ಯಾಲಿಯಲ್ಲಿ ಎಫ್5 ಪೇಮೆಂಟ್, ಎಫ್6 ರಿಸೀಟ್, ಎಫ್7 ಜರ್ನಲ್, ಎಫ್8 ಸೇಲ್ಸ್, ಎಫ್9 ಪರ್ಚೇಸ್. ಪ್ರತಿ ಸಲ ಎಫ್‌ಎನ್ ಹಿಡಿಯುವುದು ಬೇಜಾರು ಅಂತ ಮಗಳು ಲಾಕ್ ಬದಲಿಸುತ್ತಾಳೆ. ರಾತ್ರಿ ಅಪ್ಪ ಭಜನೆ ಹಾಕಲು ಹೋದರೆ ಸೌಂಡ್ ಏರುವುದಿಲ್ಲ.

ಎಸ್ಕೇಪ್ ಕೀ ಮೇಲೆ ಬೀಗದ ಸಣ್ಣ ಚಿತ್ರವೋ ‘ಎಫ್‌ಎನ್ ಲಾಕ್’ ಎಂಬ ಬರಹವೋ ಇದ್ದರೆ, ಎಫ್‌ಎನ್ ಮತ್ತು ಎಸ್ಕೇಪ್ ಒಟ್ಟಿಗೆ ಒಮ್ಮೆ ಒತ್ತಿ. ಡೆಲ್, ಲೆನೊವೊ ಮತ್ತು ಏಸಸ್‌ನ ಹೆಚ್ಚಿನ ಮಾದರಿಗಳಲ್ಲಿ ಇಷ್ಟೇ. ಕೆಲವು ಎಚ್‌ಪಿಗಳಲ್ಲಿ ಎಫ್‌ಎನ್ ಜೊತೆ ಶಿಫ್ಟ್. ಇದ್ಯಾವುದೂ ಇಲ್ಲದಿದ್ದರೆ ಬಯೋಸ್‌ಗೆ, ಅಂದರೆ ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಸೆಟ್ಟಿಂಗ್ ಪುಟಕ್ಕೆ ಹೋಗಬೇಕು. ಲ್ಯಾಪ್‌ಟಾಪ್ ಶುರುವಾಗುವಾಗ ಎಫ್2, ಎಚ್‌ಪಿಯಾದರೆ ಎಫ್10 ಒತ್ತುತ್ತಾ ಇರಿ. ಎಚ್‌ಪಿಯಲ್ಲಿ ‘ಆಕ್ಷನ್ ಕೀಸ್ ಮೋಡ್’, ಲೆನೊವೊದಲ್ಲಿ ‘ಹಾಟ್‌ಕೀ ಮೋಡ್’, ಏಸರ್‌ನಲ್ಲಿ ‘ಫಂಕ್ಷನ್ ಕೀ ಬಿಹೇವಿಯರ್’ ಎಂದು ಇರುತ್ತದೆ. ಅದೊಂದನ್ನೇ ಬದಲಿಸಿ, ಸೇವ್ ಮಾಡಿ ಹೊರಬನ್ನಿ. ಉಳಿದದ್ದಕ್ಕೆ ಕೈ ಹಚ್ಚಬೇಡಿ.

ಈ ಲಾಕ್ ಹೆಚ್ಚಿನ ಮಾದರಿಗಳಲ್ಲಿ ವಿಂಡೋಸ್‌ನ ಒಳಗೆ ಇರುವುದೇ ಇಲ್ಲ. ಹಾಗಾಗಿ ಹತ್ತು ಸಲ ಫಾರ್ಮ್ಯಾಟ್ ಹೊಡೆದರೂ ಅದು ಹೋಗುವುದಿಲ್ಲ.

ಹಂತ 3: ರೀಸ್ಟಾರ್ಟ್

ಶಟ್‌ಡೌನ್ ಅಲ್ಲ, ರೀಸ್ಟಾರ್ಟ್. ವಿಂಡೋಸ್ 10 ಮತ್ತು 11ರಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಆನ್ ಇದ್ದರೆ ಶಟ್‌ಡೌನ್ ಮಾಡಿದರೂ ಒಳಗಿನ ಸ್ಥಿತಿಯ ಒಂದು ಭಾಗ ಡಿಸ್ಕಿನಲ್ಲಿ ಉಳಿದು ಮತ್ತೆ ಅದೇ ಬರುತ್ತದೆ. ರೀಸ್ಟಾರ್ಟ್ ಮಾತ್ರ ಹೊಸದಾಗಿ ಶುರು ಮಾಡುತ್ತದೆ.

ಹಂತ 4: ತಪ್ಪು ವಿಂಡೋಸಿನದೋ, ಕೀಯದೋ?

ವಾಲ್ಯೂಮ್ ಏರಿಸುವ ಕೀ ಒಂದೇ ಸತ್ತು, ಇಳಿಸುವುದು ಮತ್ತು ಮ್ಯೂಟ್ ಸರಿಯಿದ್ದರೆ ಅದು ಧೂಳು ಅಥವಾ ಆ ಕೀಯದೇ ತೊಂದರೆ. ಬೆಳಕಿನ ಕೀ ಸೇರಿ ಎಲ್ಲವೂ ಒಟ್ಟಿಗೆ ನಿಂತಿದ್ದರೆ ತಂತ್ರಾಂಶದ ಮೇಲೆ ಸಂಶಯ ಪಡಿ. ಪಕ್ಕದ ಮನೆಯಿಂದ ವಾಲ್ಯೂಮ್ ಕೀ ಇರುವ ಯುಎಸ್‌ಬಿ ಕೀಬೋರ್ಡ್ ತಂದು ಹಚ್ಚಿ ನೋಡಿ. ಅದರಲ್ಲೂ ಸೌಂಡ್ ಬದಲಾಗದಿದ್ದರೆ, ಸ್ಟಾರ್ಟ್‌ನಲ್ಲಿ ‘ಸರ್ವಿಸಸ್’ ಎಂದು ಹುಡುಕಿ ತೆರೆದು, ‘ಹ್ಯೂಮನ್ ಇಂಟರ್‌ಫೇಸ್ ಡಿವೈಸ್ ಸರ್ವಿಸ್’ ಅನ್ನು ಸ್ಟಾರ್ಟ್ ಮಾಡಿ. ಮೊದಲೇ ಓಡುತ್ತಿದ್ದರೆ ರೀಸ್ಟಾರ್ಟ್ ಕೊಡಿ. ಕೀಬೋರ್ಡಿನ ಇಂಥ ವಿಶೇಷ ಬಟನ್‌ಗಳನ್ನು ನೋಡಿಕೊಳ್ಳುವುದೇ ಅದು.

ಯುಎಸ್‌ಬಿ ಕೀಬೋರ್ಡಿನಲ್ಲಿ ಸರಿಯಿದ್ದು, ಲ್ಯಾಪ್‌ಟಾಪಿನ ಮೇಲಿನ ಸಾಲು ಪೂರ್ತಿ ಸತ್ತಿದ್ದರೆ ಈ ಸಾಲಿನ ಕೀಗಳನ್ನು ನಡೆಸುವ ಕಂಪನಿಯ ಹಾಟ್‌ಕೀ ತಂತ್ರಾಂಶ ಇಲ್ಲದಿರಬಹುದು. ಹೊಸದಾಗಿ ವಿಂಡೋಸ್ ಹಾಕಿಸಿದ ಮೇಲೆ ಹೀಗಾಗುವುದುಂಟು. ಲ್ಯಾಪ್‌ಟಾಪಿನ ತಳದಲ್ಲಿರುವ ಮಾದರಿ ಸಂಖ್ಯೆ ನೋಡಿ, ಕಂಪನಿಯ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. ‘ಎಲ್ಲಾ ಡ್ರೈವರ್ ಒಂದೇ ಕ್ಲಿಕ್‌ನಲ್ಲಿ ಸರಿ ಮಾಡುತ್ತೇವೆ’ ಎನ್ನುವ ಪುಕ್ಕಟೆ ತಂತ್ರಾಂಶ ಹಾಕಲೇಬೇಡಿ. ಮೊದಲು ಹೆದರಿಸುತ್ತವೆ, ಆಮೇಲೆ ದುಡ್ಡು ಕೇಳುತ್ತವೆ.

ಹಂತ 5: ಸ್ವಚ್ಛ ಮಾಡುವುದು

ಜನ ಹೆಚ್ಚು ಕೆಡಿಸಿಕೊಳ್ಳುವುದು ಇಲ್ಲೇ. ಸಾವಕಾಶ ಓದಿ.

ನಮ್ಮ ಕಡೆ ಬೇಸಿಗೆಯಲ್ಲಿ ರಸ್ತೆಯ ಧೂಳು, ಮಳೆಗಾಲದಲ್ಲಿ ಧಾರವಾಡದ ಜಿಟಿಜಿಟಿ ಮಳೆಯ ತೇವ. ಎರಡೂ ಸೇರಿ ಕೀ ಕೆಳಗೆ ಕೆಸರಿನಂತೆ ಅಂಟುತ್ತವೆ. ಅದರ ಮೇಲೆ ಗಿರ್ಮಿಟ್ಟಿನ ಎಣ್ಣೆ, ಪೇಡೆಯ ಮೇಲಿನ ಸಕ್ಕರೆ ಪುಡಿ. ಓದುತ್ತಾ ತಿನ್ನುವವರ ಕೀಬೋರ್ಡಿನಲ್ಲಿ ಇವೆಲ್ಲ ನನಗೆ ಸಿಕ್ಕಿವೆ.

ಮೊದಲು ಶಿಫ್ಟ್ ಹಿಡಿದು ಶಟ್‌ಡೌನ್ ಕೊಡಿ, ಆಗ ಪೂರ್ತಿ ಆಫ್ ಆಗುತ್ತದೆ. ಚಾರ್ಜರ್ ತೆಗೆಯಿರಿ. ಲ್ಯಾಪ್‌ಟಾಪ್ ತೆರೆದು, ಕೀಬೋರ್ಡ್ ಕೆಳಮುಖವಾಗುವಂತೆ ಓರೆಯಾಗಿ ಹಿಡಿದು ಹಿಂಬದಿಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ಹೊಸ, ಮೆತ್ತನೆಯ ಪೇಂಟ್ ಬ್ರಷ್‌ನಿಂದ ಕೀ ಸುತ್ತ ಗುಡಿಸಿ. ಆಮೇಲೆ ಗಾಳಿ. ಕ್ಯಾಮೆರಾಕ್ಕೆ ಬಳಸುವ ರಬ್ಬರ್ ಬಲ್ಬಿನ ಊದುಗವೇ ಎಲ್ಲಕ್ಕಿಂತ ಒಳ್ಳೆಯದು. ಒತ್ತಿ ತುಂಬಿದ ಗಾಳಿಯ ಡಬ್ಬಿ ಬಳಸುವುದಾದರೆ ನೆಟ್ಟಗೆ ಹಿಡಿಯಿರಿ, ಓರೆ ಮಾಡಿದರೆ ದ್ರವ ಹೊರಗೆ ಚಿಮ್ಮುತ್ತದೆ. ಬಾಯಿಂದ ಊದಬೇಡಿ, ಉಸಿರಿನ ತೇವ ಕೀ ಒಳಗೆ ಸೇರುತ್ತದೆ. ಒಬ್ಬರು ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ ಹೊಡೆಸಿಕೊಂಡು ಬಂದಿದ್ದರು. ಎರಡು ಕೀ ಹಾರಿಹೋಗಿದ್ದವು. ಆ ಗಾಳಿಯಲ್ಲಿ ನೀರು, ಎಣ್ಣೆಯೂ ಇರುತ್ತದೆ.

ಕೀ ಒತ್ತಿದರೆ ಅಂಟಂಟು ಅನಿಸುತ್ತದೆಯೇ? 99 ಪ್ರತಿಶತದ ಐಸೊಪ್ರೊಪೈಲ್ ಆಲ್ಕೊಹಾಲ್ ತನ್ನಿ. ಇಯರ್‌ಬಡ್ ಅದ್ದಿ, ತೊಟ್ಟಿಕ್ಕದಂತೆ ಹಿಂಡಿ, ಕೀಯ ನಾಲ್ಕೂ ಅಂಚಿನಲ್ಲಿ ಒರೆಸಿ. ಕೀಯನ್ನು ಇಪ್ಪತ್ತು ಮೂವತ್ತು ಸಲ ಒತ್ತಿ. ಕೊಳೆ ಬಿಟ್ಟುಕೊಂಡು ಅಂಚಿಗೆ ಬರುತ್ತದೆ. ಬಡ್ ಬದಲಿಸಿ ಮತ್ತೆ ಒರೆಸಿ. ಬಡ್ ಬಿಳಿಯಾಗೇ ಬರುವವರೆಗೂ ಬಿಡಬೇಡಿ. ಅರ್ಧ ಗಂಟೆ ಒಣಗಲಿ, ಆಮೇಲೆ ಆನ್ ಮಾಡಿ. ಸ್ಯಾನಿಟೈಸರ್ ಬೇಡ. ಅದರಲ್ಲಿ ನೀರೂ ಇರುತ್ತದೆ, ಹಲವದರಲ್ಲಿ ಗ್ಲಿಸರಿನ್ ಕೂಡ. ಒಣಗಿದ ಮೇಲೆ ಅಂಟು ಉಳಿಯುತ್ತದೆ. ಹೊಲಿಗೆ ಮಷಿನ್ ಎಣ್ಣೆಯಂತೂ ಬೇಡವೇ ಬೇಡ, ಧೂಳನ್ನು ಕರೆದು ಕೂಡಿಸಿಕೊಳ್ಳುತ್ತದೆ. ಕೀಬೋರ್ಡಿನ ಧೂಳು ತೆಗೆಯಲು ಬಣ್ಣದ ಜೆಲ್ಲಿ ಥರದ್ದು ಮಾರುತ್ತಾರಲ್ಲ, ಅದನ್ನೂ ನಾನು ಬಳಸುವುದಿಲ್ಲ. ಸೆಕೆಗೆ ಮೆತ್ತಗಾಗಿ ಕೀ ಸಂದಿಯಲ್ಲೇ ಉಳಿದದ್ದನ್ನು ಕಂಡಿದ್ದೇನೆ.

ಇನ್ನು ಕೀ ಕಿತ್ತು ತೆಗೆಯುವ ವಿಷಯ. ವಾರಂಟಿ ಇದ್ದರೆ ಕೀಳಬೇಡಿ. ಕೀ ಟೊಪ್ಪಿಗೆಯ ಕೆಳಗೆ ಕತ್ತರಿಯಂತೆ ಜೋಡಿಸಿದ ಎರಡು ಸಣ್ಣ ಪ್ಲಾಸ್ಟಿಕ್ ಚೌಕಟ್ಟು ಇರುತ್ತವೆ. ಅದರ ನಡುವೆ ರಬ್ಬರಿನ ಗುಬುಟು. ಮೇಲಿನ ಸಾಲಿನ ಕೀ ಗಿಡ್ಡವಾದ್ದರಿಂದ ಅದರ ಚೌಕಟ್ಟು ಇನ್ನೂ ತೆಳು, ಕೊಕ್ಕೆ ಉಗುರಿನ ತುದಿಯಷ್ಟೂ ಇರುವುದಿಲ್ಲ. ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಿದರೆ ಮುರಿದೇ ಹೋಗುತ್ತದೆ. ಯಾವ ಕಡೆಯಿಂದ ಎಬ್ಬಿಸಬೇಕು ಅನ್ನುವುದು ಮಾದರಿಯಿಂದ ಮಾದರಿಗೆ ಬೇರೆ. ಮೊದಲು ನಿಮ್ಮದೇ ಮಾದರಿಯ ವಿಡಿಯೊ ನೋಡಿ. ಗಿಟಾರ್ ಮೀಟುವ ಪ್ಲಾಸ್ಟಿಕ್ ಬಿಲ್ಲೆಯನ್ನು ಒಂದು ಮೂಲೆಗೆ ತೂರಿಸಿ ಮೆಲ್ಲಗೆ ಎತ್ತಿ. ಸದ್ದು ಕೇಳಿದ ಕೂಡಲೇ ನಿಲ್ಲಿಸಿ, ಇನ್ನೊಂದು ಮೂಲೆಗೆ ಹೋಗಿ. ರಬ್ಬರ್ ಕೀಳಬೇಡಿ, ಅದು ಅಂಟಿಸಿದ್ದು. ತಿರುಗಿ ಹಾಕುವಾಗ ಮೊದಲು ಚೌಕಟ್ಟು ಕೂರಿಸಿ, ಅದರ ಮೇಲೆ ಟೊಪ್ಪಿಗೆ ಇಟ್ಟು ಚಪ್ಪಟೆಯಾಗಿ ಒತ್ತಿ.

ಚಹಾ ಚೆಲ್ಲಿದ್ದರೆ ಇದ್ಯಾವುದನ್ನೂ ಮಾಡಬೇಡಿ. ತಕ್ಷಣ ಆಫ್ ಮಾಡಿ, ಚಾರ್ಜರ್ ಕಿತ್ತು, ಟೆಂಟ್ ಥರ ಬೋರಲು ನಿಲ್ಲಿಸಿ ರಿಪೇರಿಯವರ ಹತ್ತಿರ ಒಯ್ಯಿರಿ. ಸರಿಯಾಯಿತಾ ಅಂತ ಮಧ್ಯೆ ಆನ್ ಮಾಡಿ ನೋಡಬೇಡಿ. ಅಕ್ಕಿ ಡಬ್ಬಿಯಲ್ಲಿ ಹೂಳುವುದರಿಂದ ಅಕ್ಕಿಯ ಪುಡಿ ಒಳಗೆ ಹೋಗುತ್ತದೆ, ಸಕ್ಕರೆ ಹೊರಗೆ ಬರುವುದಿಲ್ಲ.

ಇಷ್ಟಾದರೂ ಏಳದಿದ್ದರೆ

ಪರೀಕ್ಷೆ ಹತ್ತಿರವಿದ್ದು ರಿಪೇರಿಗೆ ಪುರುಸೊತ್ತಿಲ್ಲವೇ? ವಿಂಡೋಸ್ 11ರಲ್ಲಿ ಕೆಳಗಿನ ಸ್ಪೀಕರ್ ಚಿತ್ರದ ಮೇಲೆ ಮೌಸ್ ಇಟ್ಟು ಅದರ ಚಕ್ರ ತಿರುಗಿಸಿ, ಸೌಂಡ್ ಬದಲಾಗುತ್ತದೆ. ಮೈಕ್ರೊಸಾಫ್ಟ್ ಪುಕ್ಕಟೆ ಕೊಡುವ ‘ಪವರ್‌ಟಾಯ್ಸ್’ ಹಾಕಿಕೊಂಡರೆ, ನೀವು ಬಳಸದ ಯಾವುದಾದರೂ ಕೀಗೆ ವಾಲ್ಯೂಮ್ ಕೆಲಸ ಹಚ್ಚಬಹುದು. ಒಂದು ಕೀ ಸಲುವಾಗಿ ಇಡೀ ಕೀಬೋರ್ಡ್ ಬದಲಿಸುವುದಕ್ಕಿಂತ ನನಗೆ ಇದೇ ಸರಿ ಅನಿಸುತ್ತದೆ. ಈಗಿನ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಕೀಬೋರ್ಡನ್ನು ಮೇಲಿನ ಕವಚಕ್ಕೇ ಬಿಗಿದಿರುತ್ತಾರೆ. ಕೆಲಸ ದೊಡ್ಡದು, ಖರ್ಚೂ ಜಾಸ್ತಿ.

ಅಂಗಡಿಗೆ ಕೊಡಲೇಬೇಕಾದರೆ ಹಿಂದಿನ ರಾತ್ರಿಯೇ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಮೂರೂ ಫೋಲ್ಡರ್ ಪೆನ್‌ಡ್ರೈವ್‌ಗೆ ಕಾಪಿ ಮಾಡಿ. ಕೊಡುವಾಗ ಚೀಟಿಯ ಮೇಲೆ ‘ನನ್ನನ್ನು ಕೇಳದೆ ಫಾರ್ಮ್ಯಾಟ್ ಮಾಡಬಾರದು’ ಎಂದು ಅವರ ಕೈಯಲ್ಲೇ ಬರೆಸಿಕೊಳ್ಳಿ. ಮೇಲಿನ ರೂಮಿನ ಹುಡುಗ ಈಗ ಹಾಗೇ ಮಾಡುತ್ತಾನೆ.